ಹೆಬ್ಬೆರಳಗಲದ ಪುರಾಣ: ನಾಣ್ಯದ ಬಗ್ಗೆ ಓದುಗರು ಕೇಳಿದ್ದು

ಕಳೆದ ಸಂಚಿಕೆಯಲ್ಲಿ ವಿಜಯನಗರದ ಅಚ್ಯುತರಾಯನ ಗಂಡಭೇರುಂಡ ವರಹದ (ಎರಡು ತಲೆಯ ಹಕ್ಕಿ ಇರುವ ಚಿನ್ನದ ನಾಣ್ಯ) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ನಾಣ್ಯದ ಪ್ರಶ್ನೆಗಳು ರಾಶಿ ಬಿದ್ದಿವೆ. ಹಾಗಾಗಿ ಈ ಸಲ ಬೇರೆ ವಿಷಯ ಇಲ್ಲ, ಬರೀ ನಾಣ್ಯ. ‘ಇದಕ್ಕೆ ಎಷ್ಟು ಬೆಲೆ ಬರುತ್ತೆ’ ಅಂತ ಫೋಟೋ ಕಳಿಸಿದವರು ಸ್ವಲ್ಪ ಕಾಯಿರಿ, ಅದು ಆಮೇಲೆ. ಮೊದಲು ಚಿತ್ರದ ಮಾತು.

ನಾನು ಬೇಲೂರಿನವನು, ಚಿತ್ರಕಲೆ ಓದ್ತಿದ್ದೀನಿ. ಸಂಗ್ರಹಕಾರರಿಗಾಗಿ ಒಂದು ನಾಣ್ಯದ ವಿನ್ಯಾಸ ಮಾಡಿ ಅಂತ ಕಾಲೇಜಿನಲ್ಲಿ ಕೊಟ್ಟಿದ್ದಾರೆ. ನಮ್ಮೂರಿನ ದರ್ಪಣ ಸುಂದರಿಯನ್ನು ಇದ್ದ ಹಾಗೇ ಇಳಿಸಿದರೆ ಆಯ್ತಲ್ಲ ಸಾರ್? ಮೇಷ್ಟ್ರು ಬೇಡ ಅಂತಾರೆ. (ಬೇಲೂರು)

ಮೇಷ್ಟ್ರ ಮಾತು ಕೇಳಿ ತಮ್ಮಾ. ದರ್ಪಣ ಸುಂದರಿ ಚೆನ್ನಾಗಿಲ್ಲ ಅಂತಲ್ಲ, ಅವಳು ಇರುವ ಜಾಗ ಬೇರೆ. ಅವಳಂಥ ಮದನಿಕೆಗಳನ್ನು ಕೆತ್ತಿದ್ದು ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ನಿಲ್ಲಿಸೋಕೆ. ನೋಡುವವನು ಕೆಳಗಿರುತ್ತಾನೆ, ಅವಳು ಮೇಲಿನಿಂದ ಬಾಗಿರುತ್ತಾಳೆ. ತಲೆಯ ಮೇಲೆ ಬಳ್ಳಿಯ ಚಪ್ಪರ. ಆ ಎಲೆಗಳ ಹಿಂದೆ ಕಲ್ಲನ್ನು ಪೂರ್ತಿ ಕೊರೆದು ತೆಗೆದಿದ್ದಾರೆ, ಬೆಳಕು ಒಳಗೆ ಹೋಗಿ ನೆರಳು ಬೀಳುತ್ತೆ, ಆ ನೆರಳಿಂದಲೇ ಎಲೆ ಎಲೆಯಾಗಿ ಕಾಣೋದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ, ಅದಕ್ಕೇ ಅಷ್ಟು ಆಟ ಆಡೋಕೆ ಆಯ್ತು. ನಾಣ್ಯಕ್ಕೆ ‘ಹಿಂದೆ’ ಅನ್ನೋ ಜಾಗವೇ ಇಲ್ಲ. ಅಲ್ಲಿ ಸಿಗೋದು ಒಂದು ಮಿಲಿಮೀಟರಿನೊಳಗಿನ ಉಬ್ಬು ಮಾತ್ರ. ಬಳ್ಳಿ, ಬಳೆ, ಕಂಠೀಹಾರ, ಡಾಬು ಎಲ್ಲವನ್ನೂ ಅಷ್ಟರಲ್ಲೇ ತುರುಕಿದರೆ ಸುಂದರಿಯ ಮೈಮೇಲೆ ಬೆವರುಸಾಲೆ ಎದ್ದ ಹಾಗೆ ಕಾಣುತ್ತೆ, ಅಷ್ಟೇ.

ಇದಕ್ಕೆ ನಿಮ್ಮ ಊರಿನಲ್ಲೇ ಒಳ್ಳೇ ಪಾಠ ಇದೆ. ಚೆನ್ನಕೇಶವ ದೇವಸ್ಥಾನದಲ್ಲಿ ಒಂದು ಕೆತ್ತನೆ ನೋಡಿರಬಹುದು. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹವನ್ನು ಶರಭ ಅನ್ನೋ ಪುರಾಣದ ಮೃಗ ತಿನ್ನುತ್ತಿದೆ, ಶರಭವನ್ನು ಗಂಡಭೇರುಂಡ ಮುಗಿಸುತ್ತಿದೆ. ಒಂದರ ಹಿಂದೆ ಒಂದು, ಇಡೀ ಸರಪಳಿ. ಕಲ್ಲಿಗೆ ಅದು ಸರಿ, ಯಾಕಂದ್ರೆ ನೋಡುವವನು ನಿಂತು ನೋಡುತ್ತಾನೆ, ಪಕ್ಕದಲ್ಲಿ ಗೈಡ್ ಬೇರೆ ಹೇಳ್ತಾ ಇರ್ತಾನೆ. ಅದೇ ಗಂಡಭೇರುಂಡ ನಾನ್ನೂರು ವರ್ಷ ಆದ ಮೇಲೆ ಅಚ್ಯುತರಾಯನ ಚಿನ್ನದ ನಾಣ್ಯಕ್ಕೆ ಬರುತ್ತೆ. ಅವನು ಆಳಿದ್ದು 1529ರಿಂದ 1542. ಪೂರ್ತಿ ವರಹ ಅಂದರೆ ಸುಮಾರು 3.4 ಗ್ರಾಂ, ಅರ್ಧ ವರಹ ಅದರ ಅರ್ಧ. ಅಲ್ಲಿ ಆ ಟಂಕಸಾಲೆಯವನು, ಅಂದರೆ ನಾಣ್ಯ ಹೊಡೆಯುವವನು, ಏನು ಮಾಡಿದ ನೋಡಿ: ಜಿಂಕೆ ಇಲ್ಲ, ಹಾವಿಲ್ಲ, ಸಿಂಹ ಇಲ್ಲ, ಶರಭವೂ ಇಲ್ಲ. ಎರಡು ತಲೆಯ ಹಕ್ಕಿ, ಎರಡು ಕೊಕ್ಕಿನಲ್ಲಿ ಎರಡು ಆನೆ, ಎರಡು ಕಾಲಿನಲ್ಲಿ ಇನ್ನೆರಡು ಆನೆ, ಮುಗೀತು. ಆನೆ ಎಷ್ಟು ಸಣ್ಣದು ಅಂದರೆ ಸೊಂಡಿಲೊಂದು, ಬೆನ್ನೊಂದು, ಅಷ್ಟರಲ್ಲಿ ಆನೆ ಅಂತ ಗೊತ್ತಾಗಬೇಕು. ಗೊತ್ತಾಗುತ್ತೆ! ಆನೆ ಸಣ್ಣದಾದಷ್ಟೂ ಹಕ್ಕಿ ದೊಡ್ಡದಾಗಿ ಕಾಣುತ್ತೆ, ಅದೇ ಜಾಣತನ. ಎಡಕ್ಕೂ ಬಲಕ್ಕೂ ಒಂದೇ ತೂಕ, ಸುತ್ತ ವೃತ್ತ ತಾನಾಗೇ ತುಂಬುತ್ತೆ.

ಇನ್ನೂ ಒಂದು ಮಾತು. ಬೇಲೂರಿನ ದೇವಸ್ಥಾನ ಕಟ್ಟಿಸಿದ ವಿಷ್ಣುವರ್ಧನನ ನಾಣ್ಯ ನೋಡಿದ್ದೀರಾ? 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಗೋಡೆಯಲ್ಲಿ ಅಂಗೈಯಗಲ ಜಾಗ ಖಾಲಿ ಬಿಡದ ರಾಜ, ನಾಣ್ಯದ ವಿಷಯಕ್ಕೆ ಬಂದರೆ ಎಷ್ಟು ಮಿತ! ಒಂದು ಕಡೆ ಸಿಂಹ, ಅದರ ಮೇಲೆ ಇನ್ನೊಂದು ಪುಟ್ಟ ಸಿಂಹ. ಇನ್ನೊಂದು ಕಡೆ ಚಿತ್ರವೇ ಇಲ್ಲ, ಬರೀ ಕನ್ನಡ ಅಕ್ಷರ: ‘ಶ್ರೀ ತಳಕಾಡುಗೊಂಡ’. ಚೋಳರಿಂದ ತಲಕಾಡು ಗೆದ್ದ ಸುದ್ದಿ. ಮತ್ತೊಂದು ಬಗೆಯಲ್ಲಿ ‘ಶ್ರೀ ನೊಣಂಬವಾಡಿಗೊಂಡ’. ದೇವರಿಲ್ಲ, ಮದನಿಕೆ ಇಲ್ಲ, ಹೊಯ್ಸಳರು ಅಂದ ಕೂಡಲೇ ನಮಗೆ ನೆನಪಾಗೋ ಯಾವ ಅಲಂಕಾರವೂ ಇಲ್ಲ. ಕಲ್ಲಿನ ಕೆಲಸ ಬೇರೆ, ನಾಣ್ಯದ ಕೆಲಸ ಬೇರೆ ಅಂತ ಅವರಿಗೇ ಗೊತ್ತಿತ್ತು. ಈಗ ‘ಹೊಯ್ಸಳ ಶೈಲಿ’ ಅಂತ ಮಾಡೋರು ಗೋಡೆಯನ್ನೇ ಕಿತ್ತು ಬಿಲ್ಲೆಗೆ ಅಂಟಿಸ್ತಾರೆ.

ಹಾಗಾದರೆ ಯಾವುದನ್ನು ತಗೋಬೇಕು? ನನ್ನ ಕೇಳಿದರೆ ಗಜಾಸುರ ಸಂಹಾರ. ಬೇಲೂರಿನ ಹೊರಗೋಡೆಯಲ್ಲೂ ಇದೆ, ಹಳೇಬೀಡಿನಲ್ಲೂ ಇದೆ. ಶಿವ ಆನೆಯ ತಲೆಯ ಮೇಲೆ ಕಾಲಿಟ್ಟು ಕುಣಿಯುತ್ತಾನೆ, ಸುಲಿದ ಆನೆಯ ಚರ್ಮ ಅವನ ಸುತ್ತ ಕಮಾನಾಗಿ ಹರಡಿದೆ. ಶಿಲ್ಪಿ ಆಗಲೇ ನಿಮಗೆ ವೃತ್ತ ಹಾಕಿಕೊಟ್ಟಿದ್ದಾನೆ! ಆ ಚರ್ಮದ ಅಂಚನ್ನೇ ನಾಣ್ಯದ ಅಂಚಿನ ಜೊತೆ ಓಡಿಸಿ. ಒಳಗೆ ಶಿವನ ಮೈಯ ಬಾಗು, ಎತ್ತಿದ ಮೊಣಕಾಲು, ಕೆಳಗೆ ಆನೆಯ ತಲೆ. ಕೈಗಳಲ್ಲಿ ಎರಡೋ ನಾಲ್ಕೋ ಇಟ್ಟುಕೊಂಡು ಉಳಿದಿದ್ದನ್ನು ಬಿಡಿ, ಶಿವ ಬೇಜಾರು ಮಾಡ್ಕೊಳ್ಳಲ್ಲ. ಚರ್ಮಕ್ಕೂ ಮೈಗೂ ನಡುವೆ ನುಣ್ಣನೆಯ ಖಾಲಿ ಜಾಗ ಬಿಡಲೇಬೇಕು. ತ್ರಿವಿಕ್ರಮನೂ ನಡೆಯುತ್ತೆ, ಮೇಲೆತ್ತಿದ ಕಾಲೊಂದೇ ಇಡೀ ಕಥೆ ಹೇಳುತ್ತೆ. ಆದರೆ ಹಳೇಬೀಡಿನ ಕೈಲಾಸ ಎತ್ತುವ ರಾವಣನ ತಂಟೆಗೆ ಹೋಗಬೇಡಿ. ಹತ್ತು ತಲೆ, ಇಪ್ಪತ್ತು ಕೈ, ಮೇಲೊಂದು ಬೆಟ್ಟ, ಬೆಟ್ಟದ ಮೇಲೆ ಶಿವ ಪಾರ್ವತಿ. ಅದು ಕಲ್ಲಿನಲ್ಲೇ ಇರಲಿ.

ಪರೀಕ್ಷೆ ಸುಲಭ. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ. ಅದನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ನಿಮ್ಮ ಚಿತ್ರವನ್ನು ಅಷ್ಟಕ್ಕೆ ಇಳಿಸಿ, ಕೈ ನೀಡಿದಷ್ಟು ದೂರ ಹಿಡಿದು ಯಾರಿಗಾದರೂ ತೋರಿಸಿ. ಕಥೆ ಹೇಳದೆ ಅವರೇ ‘ಓ ಇದು ಇಂಥದ್ದು’ ಅಂದರೆ ಮೇಷ್ಟ್ರ ಹತ್ತಿರ ತಗೊಂಡು ಹೋಗಿ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡ್ತಾ ಕೂತರೆ ಎಲ್ಲಾ ಚಿತ್ರವೂ ಚಂದವೇ.

ಹಳೇ ಗ್ರೀಕ್ ನಾಣ್ಯದ ಫೋಟೋ ನೋಡಿದರೆ ಮುಖ ಹೊರಗೆ ಬರೋ ಹಾಗೆ ಉಬ್ಬಿರುತ್ತೆ. ನಮ್ಮ ಈಗಿನ ನಾಣ್ಯ ಚಪ್ಪಟೆ. ಇಷ್ಟೆಲ್ಲಾ ಯಂತ್ರ ಇದ್ದೂ ಯಾಕೆ ಹಿಂಗೆ? (ಚಿಕ್ಕಮಗಳೂರು)

ಯಂತ್ರ ಇರೋದರಿಂದಲೇ ಹಿಂಗೆ ಸ್ವಾಮಿ. ಗ್ರೀಕರು ಕೆಳಗಿನ ಅಚ್ಚನ್ನು ಅಡಿಗಲ್ಲಿಗೆ ಕೂರಿಸಿ, ಮೇಲೆ ದಪ್ಪನೆಯ ಬೆಳ್ಳಿ ಬಿಲ್ಲೆ ಇಟ್ಟು, ಅದರ ಮೇಲೆ ಇನ್ನೊಂದು ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದು ಏಟು ಸಾಲದಿದ್ದರೆ ಇನ್ನೊಂದು. ಅಂಚು ಸೊಟ್ಟಗಾದರೂ ಯಾರೂ ಕೇಳುತ್ತಿರಲಿಲ್ಲ. ಈಗಿನ ಯಂತ್ರ ಒಂದೇ ಒತ್ತಿಗೆ ಎರಡೂ ಬದಿ ಮೂಡಿಸಬೇಕು, ಒಂದರ ಮೇಲೊಂದು ಇಟ್ಟರೆ ಅಲುಗಾಡದೆ ನಿಲ್ಲಬೇಕು, ಬಸ್ಸಿನ ಕಂಡಕ್ಟರ್ ಚೀಲದಲ್ಲಿ ವರ್ಷಗಟ್ಟಲೆ ಉಜ್ಜಿದರೂ ಉಳೀಬೇಕು.

ಒತ್ತಿದಾಗ ಲೋಹ ನೀರಿನ ಥರ ಹರಿದು ಅಚ್ಚಿನ ಗುಂಡಿಗಳಿಗೆ ಏರಬೇಕು. ಮುಂದಿನ ಬದಿಯಲ್ಲಿ ಕೆನ್ನೆ ಉಬ್ಬಿರುವ ಜಾಗದ ಹಿಂದೆಯೇ ಇನ್ನೊಂದು ಬದಿಯ ಹೊಟ್ಟೆಯೂ ಉಬ್ಬಿದ್ದರೆ ಎರಡಕ್ಕೂ ಸಾಕಾಗುವಷ್ಟು ಲೋಹ ಅಲ್ಲಿರಲ್ಲ, ಒಂದು ಕಡೆ ಅರೆಬರೆ ಮೂಡುತ್ತೆ. ಅದಕ್ಕೇ ಒಳ್ಳೇ ಕೆತ್ತನೆಗಾರ ಎರಡು ಬದಿಯನ್ನೂ ಒಟ್ಟಿಗೆ ಯೋಚಿಸುತ್ತಾನೆ. ನಮ್ಮ ಬೇಲೂರಿನ ಹುಡುಗ ಇದನ್ನೂ ಓದಿಕೊಳ್ಳಲಿ.

ಇದಕ್ಕೊಂದು ಪ್ರಸಿದ್ಧ ಜಗಳವೇ ನಡೆದಿದೆ. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ಗೆ ಹಳೇ ಗ್ರೀಕ್ ನಾಣ್ಯಗಳ ಉಬ್ಬು ನೋಡಿ ಹುಚ್ಚು ಹಿಡಿದಿತ್ತು. ನಮ್ಮ ದೇಶದ ನಾಣ್ಯವೂ ಹಾಗೇ ಆಗಬೇಕು ಅಂತ ಶಿಲ್ಪಿ ಆಗಸ್ಟಸ್ ಸೇಂಟ್ ಗಾಡನ್ಸ್‌ಗೆ ಕೆಲಸ ಕೊಟ್ಟರು. ಅವರು ಮಾಡಿದ ಇಪ್ಪತ್ತು ಡಾಲರ್ ಚಿನ್ನದ ನಾಣ್ಯದಲ್ಲಿ ಸ್ವಾತಂತ್ರ್ಯದೇವಿ ಕೈಯಲ್ಲಿ ಪಂಜು ಹಿಡಿದು ನಮ್ಮ ಕಡೆಗೇ ನಡೆದು ಬರುತ್ತಾಳೆ. ಗಾಳಿಗೆ ಹಾರುವ ಬಟ್ಟೆ, ಮುಂದಿಟ್ಟ ಕಾಲು, ಗ್ರೀಕರ ವಿಜಯದೇವಿಯೇ ಅಮೆರಿಕಕ್ಕೆ ಬಂದಳೇನೋ ಅನ್ನಬೇಕು. ಆದರೆ ಟಂಕಸಾಲೆಯಲ್ಲಿ ಒಂದೊಂದು ನಾಣ್ಯಕ್ಕೂ ಹಲವು ಸಲ ಒತ್ತಬೇಕಾಯ್ತು. ಲಕ್ಷಗಟ್ಟಲೆ ಮಾಡೋದು ಹೇಗೆ? ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಕೊನೆಗೆ ಉಬ್ಬನ್ನು ತಗ್ಗಿಸಿ ಒಂದೇ ಒತ್ತಿಗೆ ಬರುವ ಹಾಗೆ ಮಾಡಿದ. ಅಷ್ಟರಲ್ಲಿ, 1907ರ ಆಗಸ್ಟಿನಲ್ಲಿ, ಸೇಂಟ್ ಗಾಡನ್ಸ್ ತೀರಿಕೊಂಡಿದ್ದರು. ಆ ಮೂಲ ಉಬ್ಬಿನಲ್ಲಿ ಅದನ್ನು ಮತ್ತೆ ಮಾಡಿದ್ದು 2009ರಲ್ಲಿ, ಅದೂ ಸಂಗ್ರಹಕಾರರಿಗೆ ಮಾತ್ರ.

ಸಂಗ್ರಹ ನಾಣ್ಯದ ಅನುಕೂಲ ಇದೇ. ಅದು ಚಲಾವಣೆಗೆ ಹೋಗಲ್ಲ, ಹಾಗಾಗಿ ಹೊಳಪು ಹಾಕಿದ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಬಹುದು. ಪ್ರೂಫ್ ನಾಣ್ಯ ಅಂತಾರಲ್ಲ, ಸುತ್ತಲಿನ ಖಾಲಿ ಜಾಗ ಕನ್ನಡಿ ಹಾಗೆ, ಆಕೃತಿ ಮಂಜು ಮಂಜು, ಅದು ಹೀಗೇ ಆಗೋದು.

ಗ್ರೀಕರ ನಾಣ್ಯಕ್ಕೂ ನಮ್ಮ ಪುರಾಣಕ್ಕೂ ಏನಾದರೂ ಸಂಬಂಧ ಇದೆಯಾ, ಅಥವಾ ಎರಡೂ ಬೇರೆ ಬೇರೆ ದಾರಿಯಾ? (ಹೊಳೆನರಸೀಪುರ)

ಇದೆ, ಅದೂ ಸಖತ್ ಸಂಬಂಧ! ಕ್ರಿ.ಪೂ. 2ನೇ ಶತಮಾನದಲ್ಲಿ ಬ್ಯಾಕ್ಟ್ರಿಯಾ ಕಡೆ, ಅಂದರೆ ಈಗಿನ ಅಫ್ಘಾನಿಸ್ತಾನದ ಸುತ್ತ, ಆಗಾಥೊಕ್ಲಿಸ್ ಅಂತ ಒಬ್ಬ ಗ್ರೀಕ್ ರಾಜ. ಅವನ ಬೆಳ್ಳಿ ನಾಣ್ಯಗಳು 1970ರಲ್ಲಿ ಅಫ್ಘಾನಿಸ್ತಾನದ ಐ ಖಾನೂಮ್‌ನಲ್ಲಿ ಸಿಕ್ಕವು. ದುಂಡಗಿಲ್ಲ, ಚೌಕ. ಒಂದು ಬದಿಯಲ್ಲಿ ನೇಗಿಲು ಹಿಡಿದ ಬಲರಾಮ, ಇನ್ನೊಂದು ಬದಿಯಲ್ಲಿ ಚಕ್ರ ಹಿಡಿದ ಕೃಷ್ಣ. ಒಂದು ಕಡೆ ಗ್ರೀಕ್ ಲಿಪಿ, ಇನ್ನೊಂದು ಕಡೆ ಬ್ರಾಹ್ಮಿ. ಕೃಷ್ಣನ ಸಿಕ್ಕಿರುವ ತೀರಾ ಹಳೆಯ ಚಿತ್ರಗಳಲ್ಲಿ ಇದೂ ಒಂದು, ಅದನ್ನು ಮಾಡಿಸಿದ್ದು ಗ್ರೀಕ್ ರಾಜ. ಅಲ್ಲಿಂದ ಮುಂದೆ ಕುಶಾನರು. ವಿಮ ಕಡ್ಫೀಸಸ್ ನಂದಿಯ ಜೊತೆ ನಿಂತ ಶಿವನನ್ನು ಚಿನ್ನಕ್ಕೆ ತಂದ. ಕನಿಷ್ಕ ಬುದ್ಧನನ್ನು ತಂದ, ಪಕ್ಕದಲ್ಲಿ ಗ್ರೀಕ್ ಅಕ್ಷರದಲ್ಲಿ ‘ಬೊಡ್ಡೊ’ ಅಂತ ಬರೆಸಿದ. ಗುಪ್ತರ ಕಾಲಕ್ಕೆ ಅದೆಲ್ಲಾ ಪೂರ್ತಿ ನಮ್ಮದಾಯ್ತು: ಸಮುದ್ರಗುಪ್ತ ಮಂಚದ ಮೇಲೆ ಕೂತು ವೀಣೆ ನುಡಿಸುತ್ತಾನೆ, ಕುಮಾರಗುಪ್ತನ ನಾಣ್ಯದಲ್ಲಿ ಕಾರ್ತಿಕೇಯ ನವಿಲಿನ ಮೇಲೆ ಬರುತ್ತಾನೆ. ಕುಮಾರ ಅನ್ನೋ ಹೆಸರಿನ ರಾಜನಿಗೆ ಕುಮಾರಸ್ವಾಮಿಯೇ ಸಾಕ್ಷಿ.

ನನ್ನ ಮೆಚ್ಚುಗೆ ಮಾತ್ರ ಅಥೆನ್ಸಿನ ಗೂಬೆಗೇ. ಕ್ರಿ.ಪೂ. 5ನೇ ಶತಮಾನದ ಆ ಬೆಳ್ಳಿ ನಾಣ್ಯ ಸುಮಾರು 17 ಗ್ರಾಂ ತೂಗುತ್ತೆ. ಒಂದು ಕಡೆ ಅಥೇನಾ ದೇವಿಯ ಮುಖ ಪಕ್ಕದಿಂದ ಕಾಣುತ್ತೆ, ಕಣ್ಣು ಮಾತ್ರ ಎದುರಿನಿಂದ ನೋಡಿದ ಹಾಗೆ ಬಾದಾಮಿ ಆಕಾರ. ಹಿಂದೆ ಅವಳ ಗೂಬೆ: ಮೈ ಪಕ್ಕಕ್ಕೆ, ತಲೆ ಪೂರ್ತಿ ನಮ್ಮ ಕಡೆ, ದೊಡ್ಡ ಗುಂಡು ಕಣ್ಣು. ಹಿಂದೆ ಒಂದು ಆಲಿವ್ ಚಿಗುರು, ಸಣ್ಣ ಚಂದ್ರ, ಊರಿನ ಹೆಸರಿನ ಮೂರು ಅಕ್ಷರ. ಸಾಲದಾ? ಈಗಿನ ಗ್ರೀಸಿನ ಒಂದು ಯೂರೋ ನಾಣ್ಯದ ಮೇಲೆ ಅದೇ ಗೂಬೆ ಕೂತಿದೆ. ಅವರ ಎರಡು ಯೂರೋ ಮೇಲೆ ಗೂಳಿಯ ವೇಷದ ಗ್ರೀಕ್ ದೇವರು ಜ್ಯೂಸ್, ಯುರೋಪಾ ಅನ್ನೋ ರಾಜಕುಮಾರಿಯನ್ನು ಹೊತ್ತುಕೊಂಡು ಹೋಗುವ ಕಥೆ, ಸ್ಪಾರ್ಟಾದ ಒಂದು ಹಳೇ ಮೊಸಾಯಿಕ್ ಚಿತ್ರದಿಂದ ತೆಗೆದಿದ್ದು. ಇಟಲಿಯವರು ಹತ್ತು ಸೆಂಟ್ ಮೇಲೆ ಬೊಟಿಚೆಲ್ಲಿಯ ವೀನಸ್ ಮುಖ ಹಾಕಿದ್ದಾರೆ, ಒಂದು ಯೂರೋ ಮೇಲೆ ಲಿಯೊನಾರ್ಡೊ ಡಾ ವಿಂಚಿಯ ಕೈಕಾಲು ಚಾಚಿದ ಮನುಷ್ಯ. ಲಿಯೊನಾರ್ಡೊ ಮೊದಲೇ ವೃತ್ತದೊಳಗೆ ಬರೆದಿದ್ದ, ಟಂಕಸಾಲೆಯವರಿಗೆ ಅರ್ಧ ಕೆಲಸ ಉಳೀತು. ವೀನಸ್ ವಿಷಯದಲ್ಲಿ ಜಾಣತನ ಅಂದರೆ ಚಿಪ್ಪು, ಸಮುದ್ರ, ಗಾಳಿ ಊದುವವರು ಎಲ್ಲರನ್ನೂ ಬಿಟ್ಟು ಮುಖ ಮತ್ತು ಕೂದಲಷ್ಟೇ ಇಟ್ಟುಕೊಂಡಿದ್ದು.

ನಮ್ಮಜ್ಜಿಯ ಪೂಜೆ ಡಬ್ಬಿಯಲ್ಲಿ ವರಮಹಾಲಕ್ಷ್ಮಿಗೆ ಇಡೋ ವಿಕ್ಟೋರಿಯಾ ರಾಣಿ ರೂಪಾಯಿ ಇದೆ, 1840 ಅಂತಿದೆ. ಜ್ಯುವೆಲರ್ ಅಂಗಡಿಯ ಲಕ್ಷ್ಮಿ ನಾಣ್ಯಾನೂ ಇದೆ. ಯಾವುದು ಸಂಗ್ರಹಕ್ಕೆ ಯೋಗ್ಯ? (ಅರಸೀಕೆರೆ)

ಪೂಜೆಗೆ ಎರಡೂ ಯೋಗ್ಯ ಅಮ್ಮಾ. ಸಂಗ್ರಹಕ್ಕೆ ರಾಣಿಯೇ. ಅಂಗಡಿಯಲ್ಲಿ ಸಿಗೋ ಲಕ್ಷ್ಮಿಯದು ನಾಣ್ಯ ಅಲ್ಲ, ಬೆಳ್ಳಿ ಬಿಲ್ಲೆ. ನಾಣ್ಯ ಅಂದರೆ ಸರ್ಕಾರದ ಹೆಸರು, ಮುಖಬೆಲೆ ಇರಬೇಕು. ಬಿಲ್ಲೆಗೆ ಬೆಳ್ಳಿಯ ತೂಕದ ಬೆಲೆ ಮಾತ್ರ.

ರಾಣಿ ರೂಪಾಯಿಯನ್ನು ಭೂತಗನ್ನಡಿ ಹಿಡಿದು ನೋಡಿ. ಕತ್ತು ಮುಗಿಯುವ ಕೆಳ ಅಂಚಿನಲ್ಲಿ ‘ಡಬ್ಲ್ಯು. ಡಬ್ಲ್ಯು.’ ಅಂತ ಇಂಗ್ಲಿಷಿನಲ್ಲಿ ಎರಡು ಪುಟಾಣಿ ಅಕ್ಷರ ಕಾಣಬಹುದು. ವಿಲಿಯಂ ವಯನ್ ಅಂತ ಲಂಡನ್ನಿನ ಕೆತ್ತನೆಗಾರ. ಪುರಾಣದ ನಾಣ್ಯ ಸಂಗ್ರಹಿಸುವವರಿಗೆ ಆ ಹೆಸರು ಅಂದರೆ ಪ್ರಾಣ. 1817ರಲ್ಲಿ ಅವನು ಮಾಡಿದ ಒಂದು ಮಾದರಿ ನಾಣ್ಯದ ಮೇಲೆ ಗ್ರೀಕ್ ಪುರಾಣದ ಮೂವರು ಚೆಲುವೆಯರು ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದಾರೆ. 1839ರಲ್ಲಿ ವಿಕ್ಟೋರಿಯಾಳನ್ನು ಸಿಂಹ ನಡೆಸಿಕೊಂಡು ಹೋಗುವ ಹುಡುಗಿಯಾಗಿ ಕೆತ್ತಿದ, ‘ಉನಾ ಮತ್ತು ಸಿಂಹ’ ಅಂತಾರೆ. ಬ್ರಿಟನ್ನಿನ ರಾಯಲ್ ಮಿಂಟ್ ಇವೆರಡನ್ನೂ 2019, 2020ರಲ್ಲಿ ಸಂಗ್ರಹಕಾರರಿಗೆ ಮತ್ತೆ ಹೊಸದಾಗಿ ತಂದಿತು. ಆ ಚೆಲುವೆಯರನ್ನು ಕೆತ್ತಿದ ಕೈಯದ್ದೇ ಒಂದು ಮುಖ ಅರಸೀಕೆರೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದೆ ನೋಡಿ.

ಹೆಸರು ಹಾಕುವ ಪದ್ಧತಿ ಹೊಸದೇನಲ್ಲ. ಸಿಸಿಲಿಯ ಸಿರಕ್ಯೂಸ್‌ನಲ್ಲಿ ಕಿಮೋನ್ ಅನ್ನೋ ಕೆತ್ತನೆಗಾರ ಅರೆಥೂಸಾ ದೇವಿಯ ತಲೆಪಟ್ಟಿಯ ಮೇಲೇ ತನ್ನ ಹೆಸರು ಕೊರೆದುಬಿಟ್ಟ, ದೇವಿಯ ಸುತ್ತ ಡಾಲ್ಫಿನ್‌ಗಳು ಈಜುತ್ತಿರುವ ನಾಣ್ಯ ಅದು. ನಮ್ಮ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ಮಾಡಿದ್ದೂ ಅದನ್ನೇ ಅಲ್ವಾ? ತನ್ನ ಕೆಲಸದ ಮೇಲೆ ಭರವಸೆ ಇದ್ದವನು ಹೆಸರು ಹಾಕ್ತಾನೆ.

ಅಂದಹಾಗೆ ಆ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ಇರಬೇಕು, ನೂರಕ್ಕೆ 91.7 ಬೆಳ್ಳಿ. ತೂಕ ತುಂಬಾ ಕಡಿಮೆ ಬಂದರೆ ಅನುಮಾನ ಪಡಿ.

ಈಸ್ಟ್ ಇಂಡಿಯಾ ಕಂಪನಿಯ 1818ರ ಅರ್ಧ ಆಣೆ ಇದೆ, ಒಂದು ಕಡೆ ರಾಮ ಸೀತೆ ಹನುಮಂತ. ಅಕ್ಕಿ ಕಾಳು ಎಳೆಯುತ್ತೆ, ಕೋಟಿಗೆ ಹೋಗುತ್ತೆ ಅಂತ ಒಬ್ಬರು ಮುಂಗಡ ಕೇಳ್ತಿದ್ದಾರೆ. ಕೊಡಬಹುದಾ? (ಸಕಲೇಶಪುರ)

ಒಂದು ಪೈಸೆ ಕೊಡಬೇಡಿ. ಪೊಲೀಸ್ ಸ್ಟೇಷನ್‌ಗೆ ಹೋಗಿ.

ಕಂಪನಿ ಅಂಥ ನಾಣ್ಯ ಮಾಡಿಯೇ ಇಲ್ಲ. ರಾಮದರ್ಬಾರ್, ಹನುಮಂತ, ಓಂಕಾರ, ಜೊತೆಗೆ 1818 ಅಂತ ಇಸವಿ, ಹೀಗೆ ಸಂತೆಯಲ್ಲಿ ಸಿಗೋದೆಲ್ಲಾ ಆಮೇಲೆ ಯಾರೋ ಮಾಡಿ ಬಿಟ್ಟಿದ್ದು. ಅಕ್ಕಿ ಎಳೆಯೋದು ಬರೀ ಕೈಚಳಕ. ರಾಮಟಂಕ ಅಂತ ನಿಜವಾಗಿ ಬೇರೆ ಇವೆ, ಅವು ದೇವಸ್ಥಾನದ ಕಡೆ ಭಕ್ತರು ಪೂಜೆಗೆ ಇಟ್ಟುಕೊಳ್ಳೋ ಬಿಲ್ಲೆಗಳು, ಅವುಗಳದ್ದೇ ಒಂದು ಅಂದ ಇದೆ, ಆದರೆ ಅವೂ ನಾಣ್ಯ ಅಲ್ಲ.

‘ಬೆಲೆ ಎಷ್ಟು’ ಅಂತ ಕೇಳಿದ ಎಲ್ಲರಿಗೂ ಇದೇ ಉತ್ತರ. ವೈಷ್ಣೋದೇವಿಯ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷ ಲಕ್ಷ ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅವು ಬ್ಯಾಂಕಿನಿಂದ ಚಲಾವಣೆಗೆ ಬಂದ ನಾಣ್ಯಗಳು. ಮಾರಿಸಿಕೊಡ್ತೀವಿ, ಮೊದಲು ಕಮಿಷನ್ ಕಳಿಸಿ, ತೆರಿಗೆ ಕಳಿಸಿ ಅಂತ ರಿಸರ್ವ್ ಬ್ಯಾಂಕಿನ ಹೆಸರನ್ನೇ ಹೇಳಿ ಮೋಸ ಮಾಡೋರಿದ್ದಾರೆ ಅಂತ 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿದೆ. ನಿಮ್ಮ ನಾಣ್ಯ ಮಾರೋಕೆ ನೀವೇ ಯಾಕ್ರೀ ದುಡ್ಡು ಕೊಡಬೇಕು?

ದೇವರನ್ನು ನಾಣ್ಯದ ಮೇಲೆ ಹಾಕೋದೇ ತಪ್ಪು. ಕೈಜಾರಿ ನೆಲಕ್ಕೆ ಬೀಳುತ್ತೆ, ಯಾರೋ ತುಳೀತಾರೆ. ಮೇಲಾಗಿ ನಮ್ಮದು ಎಲ್ಲಾ ಧರ್ಮದವರ ದೇಶ. (ಚನ್ನರಾಯಪಟ್ಟಣ)

ನಿಮ್ಮ ಮಾತಿನಲ್ಲಿ ಅರ್ಧ ಒಪ್ತೀನಿ. ಆದರೆ ನಮ್ಮ ಹಿರಿಯರು ಹಾಗೆ ಅಂದುಕೊಂಡಿರಲಿಲ್ಲ. ವಿಜಯನಗರದ ಎರಡನೇ ಹರಿಹರನ ಕಾಲದ ನಾಣ್ಯದಲ್ಲಿ ಉಮಾಮಹೇಶ್ವರ, ಲಕ್ಷ್ಮೀನರಸಿಂಹ. ಕೃಷ್ಣದೇವರಾಯನ ಕಾಲದಲ್ಲಿ ಬೆಣ್ಣೆ ಹಿಡಿದು ಕೂತ ಬಾಲಕೃಷ್ಣ, ಉದಯಗಿರಿ ಗೆದ್ದು ತಂದ ಮೂರ್ತಿಯ ನೆನಪಿಗೆ ಅಂತಾರೆ. ಮೈಸೂರಿನ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದರು, ಅವರ ಕಂಠೀರಾಯಿ ಹಣ ಅರ್ಧ ಗ್ರಾಂ ಕೂಡ ಇಲ್ಲ, ಬೇಳೆಯಷ್ಟು ಚಿನ್ನ, ಅದರಲ್ಲೂ ಯೋಗ ನರಸಿಂಹ ಕಾಲು ಮಡಚಿ ಕೂತಿದ್ದಾನೆ. ಮುಖ ಒಂದು ಚುಕ್ಕೆ, ಮೊಣಕಾಲು ಎರಡು ಚುಕ್ಕೆ, ಆದರೂ ನರಸಿಂಹನೇ.

ಎಲ್ಲಕ್ಕಿಂತ ದೊಡ್ಡ ಉತ್ತರ ಹೈದರಾಲಿಯದು. ಕೆಳದಿ ನಾಯಕರ ಇಕ್ಕೇರಿ ವರಹದಲ್ಲಿ ಶಿವ ಪಾರ್ವತಿ ಇದ್ದರು. 1763ರಲ್ಲಿ ಬಿದನೂರು ಗೆದ್ದ ಮೇಲೆ ಹೈದರ್ ಅದೇ ಶಿವ ಪಾರ್ವತಿಯನ್ನು ಹಾಗೇ ಉಳಿಸಿ, ಹಿಂದುಗಡೆ ಪರ್ಷಿಯನ್ ಲಿಪಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಮಲೆನಾಡಿನ ಮೆಣಸು, ಅಡಿಕೆ ವ್ಯಾಪಾರಿಗೆ ಆ ಚಿತ್ರ ಕಂಡರೆ ನಂಬಿಕೆ, ರಾಜನಿಗೆ ವ್ಯಾಪಾರ ನಡೆದರೆ ಸರಿ.

ಈಗಿನ ಕಾಲಕ್ಕೆ ಬಂದರೆ, ತಂಜಾವೂರು ಬೃಹದೀಶ್ವರ ದೇವಸ್ಥಾನಕ್ಕೆ 2010ಕ್ಕೆ ಸಾವಿರ ವರ್ಷ ಆದ ನೆನಪಿಗೆ ದೇಶದ ಮೊದಲ ಸಾವಿರ ರೂಪಾಯಿ ನಾಣ್ಯ ಬಂತು. ಇದನ್ನೂ ವೈಷ್ಣೋದೇವಿ ನಾಣ್ಯವನ್ನೂ ಪ್ರಶ್ನಿಸಿ ಕೋರ್ಟಿಗೆ ಹೋದ ಅರ್ಜಿಯನ್ನು ದೆಹಲಿ ಹೈಕೋರ್ಟ್ 2018ರಲ್ಲಿ ತಳ್ಳಿಹಾಕಿತು. ನನ್ನ ಅಭಿಪ್ರಾಯ ಕೇಳಿದರೆ: ಚಲಾವಣೆ ನಾಣ್ಯದ ಮೇಲೆ ದೇವರು ಬೇಡ, ಅದು ಬೆವರು ಕೈಯಲ್ಲಿ ಸವೆಯೋ ವಸ್ತು. ಸಂಗ್ರಹ ನಾಣ್ಯಕ್ಕೆ ಆ ತೊಂದರೆ ಇಲ್ಲ, ಅದು ಡಬ್ಬಿಯಿಂದ ಹೊರಗೇ ಬರಲ್ಲ.

ಹೊರದೇಶದ ಪುರಾಣ ನಾಣ್ಯಗಳನ್ನು ಆನ್‌ಲೈನಿನಲ್ಲಿ ನೋಡ್ತೀನಿ. ಜ್ಯೂಸ್, ಮೆಡೂಸಾ, ನಮ್ಮ ಗಣಪತಿ ಕೂಡ! ಬಣ್ಣ, ಕಲ್ಲು ಎಲ್ಲಾ ಇರುತ್ತೆ. ಹೂಡಿಕೆಗೆ ಒಳ್ಳೇದಾ? (ಕಡೂರು)

ಇಷ್ಟ ಆದರೆ ಕೊಳ್ಳಿ, ಹೂಡಿಕೆ ಅಂತ ಕೊಳ್ಳಬೇಡಿ. ನಿಯು, ತುವಾಲು ಥರದ ಪುಟ್ಟ ದ್ವೀಪ ದೇಶಗಳ ಹೆಸರಿನಲ್ಲಿ ಬೇರೆ ಕಡೆಯ ಟಂಕಸಾಲೆಗಳು ಇವನ್ನು ಮಾಡ್ತಾರೆ. ಮುಖಬೆಲೆ ಹೆಸರಿಗೆ ಮಾತ್ರ. ಆಸ್ಟ್ರೇಲಿಯಾದ ಪರ್ತ್ ಮಿಂಟ್ 2014ರಲ್ಲಿ ತುವಾಲು ಹೆಸರಿನಲ್ಲಿ ಜ್ಯೂಸ್, ಪೊಸೈಡನ್, ಹೇಡಿಸ್ ಮೂರು ದೇವರ ಬೆಳ್ಳಿ ನಾಣ್ಯ ತಂದಿತ್ತು, ದಪ್ಪ ಬಿಲ್ಲೆ, ಒಳ್ಳೇ ಉಬ್ಬು, ಅದು ನನಗೆ ಹಿಡಿಸುತ್ತೆ. ಬಣ್ಣ ಬಳಿದು ಹರಳು ಕೂರಿಸಿದ್ದು ಮಾತ್ರ ನನ್ನ ಕಣ್ಣಿಗೆ ಫ್ರಿಡ್ಜ್ ಬಾಗಿಲಿಗೆ ಅಂಟಿಸೋ ಸಾಮಾನು. ಕೆತ್ತನೆಗಾರ ಬೆಳಕು ನೆರಳಿನಿಂದ ಮಾಡಬೇಕಾದ ಕೆಲಸವನ್ನು ಬಣ್ಣದಿಂದ ಮಾಡಿಸ್ತಾರೆ.

ನಾಣ್ಯದಲ್ಲಿ ಹಸಿರು ಕಿಲುಬು ಬಂದಿದೆ. ಹುಣಸೆಹಣ್ಣು ಹಾಕಿ ಉಜ್ಜಲಾ? (ಮೂಡಿಗೆರೆ)

ಉಜ್ಜಬೇಡಿ! ಹುಣಸೆಹಣ್ಣು, ಬೂದಿ, ಪೀತಾಂಬರಿ ಯಾವುದೂ ಬೇಡ. ಮೇಲಿನ ಪದರ ಹೋದರೆ ಉಬ್ಬಿನ ಸಣ್ಣ ಗೆರೆಗಳೂ ಹೋದವು, ಸಂಗ್ರಹಕಾರರು ಮುಟ್ಟಲ್ಲ. ನಿಮ್ಮ ಕಡೆ ಮಳೆಗಾಲ ಜಾಸ್ತಿ, ಅಗ್ಗದ ಮೆತ್ತನೆಯ ಪ್ಲಾಸ್ಟಿಕ್ ಆಲ್ಬಮ್ ಇದ್ದರೆ ಮೊದಲು ಅದರಿಂದ ತೆಗೀರಿ, ಹಸಿರು ಜಿಡ್ಡು ಬಹಳ ಸಲ ಅದರಿಂದಲೇ ಬರುತ್ತೆ. ಅಂಚು ಹಿಡಿದು ಎತ್ತಿ, ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ತೋಟಕ್ಕೆ ಗುಂಡಿ ತೆಗೆಯುವಾಗ ಹಳೇ ನಾಣ್ಯ ಸಿಕ್ಕರೆ ಯಾರದು? (ಹಳೇಬೀಡು ಹತ್ತಿರದ ಓದುಗರು)

ಸಿಕ್ಕರೆ ಅಂತ ಕೇಳಿದ್ದೀರಿ, ಸಿಕ್ಕಿದೆ ಅಂತ ಹೇಳಿಲ್ಲ, ನಾನೂ ಕೇಳಲ್ಲ. 1878ರ ನಿಧಿ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕಿತ್ತು. ಕರ್ನಾಟಕಕ್ಕೆ 1962ರದ್ದೇ ಕಾಯ್ದೆ ಇದೆ. ಜಿಲ್ಲಾಧಿಕಾರಿ ಕಚೇರಿಗೆ ಬರಹದಲ್ಲಿ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ತಗೊಳ್ಳಿ. ಅಕ್ಕಸಾಲಿಗರ ಹತ್ತಿರ ಕರಗಿಸಿದರೆ ಚಿನ್ನ ಉಳಿಯುತ್ತೆ, ಸಿಂಹವೂ ಹೋಯ್ತು, ತಳಕಾಡುಗೊಂಡನೂ ಹೋದ.

ನಾನು ಆರನೇ ಕ್ಲಾಸ್. ನಾನೂ ಒಂದು ನಾಣ್ಯ ಮಾಡಬೇಕು. ಹೇಗೆ ಮಾಡೋದು ಅಂಕಲ್? (ಹಾಸನ)

ನಾಣ್ಯ ಮಾಡೋದು ಸರ್ಕಾರದ ಕೆಲಸ ಮರಿ, ಅಚ್ಚು ಮಾಡೋದು ನಿನಗೂ ಬರುತ್ತೆ. ಬಟ್ಟೆ ಸೋಪಿನ ಒಂದು ಚಪ್ಪಟೆ ತುಂಡು ತಗೋ. ಲೋಟದ ತಳ ಒತ್ತಿ ಒಂದು ವೃತ್ತ ಮಾಡ್ಕೋ, ಮೊದಲ ಸಲಕ್ಕೆ ದೊಡ್ಡದೇ ಇರಲಿ. ಖಾಲಿಯಾದ ಬಾಲ್ ಪೆನ್ ತುದಿಯಿಂದ ಒಂದು ಪ್ರಾಣಿ ಕೊರೆ. ನೆನಪಿಡು, ನೀನು ಗುಂಡಿ ಮಾಡಿದ್ದು ಆಮೇಲೆ ಉಬ್ಬಾಗುತ್ತೆ, ಎಡ ಬಲ ಅದಲು ಬದಲಾಗುತ್ತೆ, ಹಾಗಾಗಿ ಹೆಸರು ಬರೆಯೋದಾದರೆ ಕನ್ನಡಿಯಲ್ಲಿ ಕಾಣೋ ಹಾಗೆ ತಿರುಗಿಸಿ ಬರಿ. ಮೇಲೆ ಸ್ವಲ್ಪ ಎಣ್ಣೆ ಸವರಿ, ನಾದಿದ ಜೇಡಿಮಣ್ಣನ್ನೋ ಮೈದಾಹಿಟ್ಟನ್ನೋ ಒತ್ತಿ ತೆಗಿ. ಆನೆ ಸೊಂಡಿಲು ಸರಿಯಾಗಿ ಏಳಲಿಲ್ಲ ಅಂದರೆ ಅಲ್ಲಿ ಇನ್ನೂ ಸ್ವಲ್ಪ ಆಳ ಕೊರೆದು ಮತ್ತೆ ಒತ್ತು. ಚೆನ್ನಾಗಿ ಬಂದಿದ್ದನ್ನು ನೆರಳಿನಲ್ಲಿ ಒಣಗಿಸು, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತೆ. ಫೋಟೋ ತೆಗೆಯುವಾಗ ಟಾರ್ಚನ್ನು ಪಕ್ಕದಿಂದ ಹಿಡಿ, ಎದುರಿನಿಂದ ಬೇಡ. ಫೋಟೋ ಕಳಿಸು, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.